ಬಾಣಂತಿಗೆ ಫ್ಲೂ ಬಂದ ಹತ್ತು ದಿನ

ಬಾಣಂತಿ ಕೋಣೆಯಲ್ಲಿ ಜ್ವರ ಕಾಣಿಸಿಕೊಳ್ಳುವುದು ಹೆಚ್ಚಾಗಿ ಸಂಜೆ. ಮಧ್ಯಾಹ್ನ ಗಂಟಲು ಕೆರೆತ, ನಾಲ್ಕು ಗಂಟೆಗೆ ಮೈಕೈ ನೋವು, ದೀಪ ಹಚ್ಚುವ ಹೊತ್ತಿಗೆ ಥರ್ಮಾಮೀಟರಿನಲ್ಲಿ 101. ಅದೇ ಹೊತ್ತಿಗೆ ಮಗು ಹಾಲಿಗೆ ಅಳುತ್ತದೆ. ತಾಯಿ ಕೈ ಚಾಚುತ್ತಾಳೆ, ಅಜ್ಜಿ ತಡೆಯುತ್ತಾರೆ. "ಇವತ್ತೊಂದು ರಾತ್ರಿ ಬೇಡ ಕಣೇ. ನಿನ್ನ ಶೀತ ಎಲ್ಲ ಹಾಲಲ್ಲಿ ಇಳಿದುಬಿಡುತ್ತೆ ಮಗೂಗೆ. ಡಬ್ಬಿ ಹಾಲು ಕಲಸಿ ಕೊಡೋಣ." ನಮಗೆ ಫೋನು ಬರುವುದು ಈ ಹಂತದಲ್ಲಿ. ಉತ್ತರವನ್ನೂ ಅಜ್ಜಿಯ ಮಾತಿನಲ್ಲೇ ಕೊಡುತ್ತೇವೆ: "ಅಮ್ಮಾ, ಶೀತ ಇಳಿಯೋದು ಉಸಿರಲ್ಲಿ, ಕೈಯಲ್ಲಿ. ಹಾಲಲ್ಲಿ ಇಳಿಯಲ್ಲ. ಫೋನು ಸ್ಪೀಕರಿಗೆ ಹಾಕಿ, ಮಗೂನ ಎತ್ತಿಕೊಳ್ಳೋಕೆ ಮುಂಚೆ ಏನು ಮಾಡಬೇಕು ಅಂತ ಹೇಳ್ತೀವಿ."

ಹಾಲುಣಿಸುವ ತಾಯಂದಿರ ಜೊತೆ ಕೆಲಸ ಮಾಡುವ ನಾವು ಈ ದಾರಿಯನ್ನು ಎಷ್ಟೋ ಮನೆಗಳ ಜೊತೆ ನಡೆದಿದ್ದೇವೆ. ಇಲ್ಲಿ ಬರೆಯುತ್ತಿರುವುದು ಯಾವುದೇ ಒಂದು ಮನೆಯ ಕಥೆಯಲ್ಲ. ಇಪ್ಪತ್ತು ದಿನದ ಬಾಣಂತಿ, ಮೂರೂವರೆ ಕೆಜಿ ಮಗು, ಮಳೆಗಾಲದ ಫ್ಲೂ ಎಂದು ಇಟ್ಟುಕೊಂಡು, ಮೊದಲ ಸಂಜೆಯಿಂದ ಕೆಮ್ಮು ಆರುವ ತನಕ ಏನೇನು ಆಗುತ್ತದೆ, ಎಲ್ಲಿ ಎಡವುತ್ತೇವೆ ಎನ್ನುವುದಷ್ಟೇ.

ಮೊದಲು ಆ ಒಂದು ರಾತ್ರಿಯ ಲೆಕ್ಕ. ಫ್ಲೂ ವೈರಸ್ ಜ್ವರ ಬರುವ ಹಿಂದಿನ ದಿನದಿಂದಲೇ ಉಸಿರಿನಲ್ಲಿ ಹೊರಬೀಳುತ್ತಿರುತ್ತದೆ. ಅಂದರೆ ಥರ್ಮಾಮೀಟರ್ 101 ತೋರಿಸುವ ಹೊತ್ತಿಗೆ ಮಗು ಒಂದು ದಿನದಿಂದ ಆ ಉಸಿರನ್ನು ಕುಡಿದಾಗಿದೆ. ಈಗ ಎದೆ ಬಿಡಿಸಿದರೆ ಬಂದ ವೈರಸ್ ವಾಪಸು ಹೋಗುವುದಿಲ್ಲ. ಅದನ್ನು ಎದುರಿಸಲು ತಾಯಿಯ ಮೈ ಆಗಲೇ ತಯಾರಿಸತೊಡಗಿದ ಪ್ರತಿಕಾಯಗಳು ಮಾತ್ರ ತಪ್ಪಿಹೋಗುತ್ತವೆ. ತಾಯಿಯ ಉಸಿರುನಾಳದಲ್ಲಿ ವೈರಸ್ಸನ್ನು ಗುರುತಿಸಿದ ಬಿಳಿ ರಕ್ತಕಣಗಳ ಪೈಕಿ ಕೆಲವು ಎದೆಗೆ ಬಂದು ನೆಲೆಸಿ ಐಜಿಎ ಎಂಬ ಪ್ರತಿಕಾಯವನ್ನು ಹಾಲಿಗೆ ಬಿಡುತ್ತವೆ. ಅದು ಮಗುವಿನ ಬಾಯಿ, ಗಂಟಲಿನ ಒಳಪದರಕ್ಕೆ ಲೇಪದಂತೆ ಅಂಟುತ್ತದೆ. ಇನ್ನೊಂದು ಕಡೆ ನೋಡಿ: ಎಂಟು ಗಂಟೆ ಕುಡಿಸದ ಎದೆ ಕಲ್ಲಿನಂತೆ ಕಟ್ಟುತ್ತದೆ, ಜ್ವರದ ಮೇಲೆ ಎದೆಬಾವು ಬರಬಹುದು, ತುಂಬಿ ನಿಂತ ಎದೆ ಹಾಲಿನ ಉತ್ಪಾದನೆಯನ್ನು ತಾನಾಗಿ ಇಳಿಸುತ್ತದೆ. ಜ್ವರ ಐದು ದಿನಕ್ಕೆ ಬಿಡುತ್ತದೆ; ಹಾಲು ಬತ್ತಿದ್ದನ್ನು ಮರಳಿ ತರಲು ವಾರಗಳು ಬೇಕು.

ಇದು ಫ್ಲೂ ಹೌದೇ ಎನ್ನುವುದನ್ನೂ ಮೊದಲ ಫೋನಿನಲ್ಲೇ ಕೇಳುತ್ತೇವೆ. ಬಾಣಂತಿಯ ಜ್ವರವನ್ನೆಲ್ಲ ನೆಗಡಿ ಲೆಕ್ಕಕ್ಕೆ ಹಾಕಬಾರದು. ಮೂಗು ಸೋರುವಿಕೆ, ಕೆಮ್ಮು, ಗಂಟಲು ನೋವು ಇದ್ದು ಮೈಕೈ ನೋವಿದ್ದರೆ ಉಸಿರಾಟದ ಸೋಂಕು ಎನ್ನಬಹುದು. ಅದೇನೂ ಇಲ್ಲದೆ ಬರೀ ಚಳಿ ಜ್ವರ, ಒಂದು ಎದೆಯಲ್ಲಿ ಮಾತ್ರ ಕೆಂಪು, ಬಿಸಿ, ಗಟ್ಟಿ ಜಾಗ ಇದ್ದರೆ ಅದು ಎದೆಬಾವು. ಹೊಟ್ಟೆಯ ಕೆಳಭಾಗ ನೋವು, ಸ್ರಾವಕ್ಕೆ ಕೆಟ್ಟ ವಾಸನೆ ಇದ್ದರೆ ಗರ್ಭಕೋಶದ ಸೋಂಕು. ಉರಿಮೂತ್ರ ಇದ್ದರೆ ಮೂತ್ರದ ಸೋಂಕು. ಸಿಸೇರಿಯನ್ ಆಗಿದ್ದರೆ ಹೊಲಿಗೆ ನೋಡಲೇಬೇಕು. ಗರ್ಭಕೋಶದ ಸೋಂಕಿನ ಬಾಣಂತಿಗೆ ಎರಡು ದಿನ ಶುಂಠಿ ಕಷಾಯ ಕುಡಿಸುತ್ತಾ ಕೂರುವುದು ಪ್ರಾಣಕ್ಕೆ ಎರವಾಗುವ ತಪ್ಪು.

ಈಗ ಆ ಮೊದಲ ಕುಡಿಸುವಿಕೆ. ಮೂರು ಪದರದ ಸರ್ಜಿಕಲ್ ಮಾಸ್ಕ್, ಮೂಗಿನ ತಂತಿ ಒತ್ತಿ, ಗಲ್ಲದ ಕೆಳಗಿನವರೆಗೆ ಎಳೆದು. ಮನೆಯಲ್ಲಿ ಅದಿಲ್ಲದಿದ್ದರೆ ಆ ಹೊತ್ತಿಗೆ ಎರಡು ಮಡಿಕೆ ಒಗೆದ ಹತ್ತಿ ಬಟ್ಟೆ ಬಿಗಿಯಾಗಿ ಕಟ್ಟಿಕೊಂಡರೂ ಏನೂ ಇಲ್ಲದ್ದಕ್ಕಿಂತ ಮೇಲು. ಮೊದಲು ಮಾಸ್ಕ್, ಆಮೇಲೆ ಕೈ. ಇದು ತಿರುವುಮುರುವಾಗುವುದೇ ಹೆಚ್ಚು: ಕೈ ತೊಳೆದು ಬಂದು, ಮಾಸ್ಕ್ ಎಳೆದು ಸರಿಮಾಡಿಕೊಂಡು, ಮೂಗು ಮುಟ್ಟಿದ ಅದೇ ಬೆರಳಿನಿಂದ ಮೊಲೆತೊಟ್ಟನ್ನು ಮಗುವಿನ ಬಾಯಿಗೆ ಇಡುತ್ತಾರೆ. ಸೋಪು ಹಚ್ಚಿ ಉಗುರು, ಬೆರಳ ಸಂದಿ, ಮಣಿಕಟ್ಟು ಸೇರಿ 40 ಸೆಕೆಂಡಿಗೆ ಕಡಿಮೆಯಿಲ್ಲದೆ ತೊಳೆಯಬೇಕು. ಮಂಚ ಬಿಟ್ಟು ಏಳಲಾಗದಿದ್ದರೆ ಪಕ್ಕದಲ್ಲೇ ಸ್ಯಾನಿಟೈಸರ್ ಇಟ್ಟುಕೊಂಡು, ಕೈ ಒಣಗುವ ತನಕ ಉಜ್ಜಿ, ಒಣಗಿದ ಮೇಲೆಯೇ ಮಗುವನ್ನು ಮುಟ್ಟುವುದು.

ಎದೆಯನ್ನು ಪ್ರತಿ ಸಲ ತೊಳೆಯಬೇಕಾಗಿಲ್ಲ. ಪ್ರತಿ ಸಲ ಸೋಪು ಹಾಕಿದರೆ ಎರಡನೇ ದಿನಕ್ಕೆ ತೊಟ್ಟು ಒಣಗಿ ಬಿರಿಯುತ್ತದೆ, ಆಮೇಲೆ ನೋವಿಗೆ ಹೆದರಿ ಕುಡಿಸುವುದೇ ಕಡಿಮೆಯಾಗುತ್ತದೆ. ತೆರೆದ ಎದೆಯ ಮೇಲೆ ನೇರ ಕೆಮ್ಮಿದ್ದರೆ ಮಾತ್ರ ಸೋಪು, ಬೆಚ್ಚನೆ ನೀರಿನಲ್ಲಿ 20 ಸೆಕೆಂಡು ತೊಳೆದು ಒರೆಸಿಕೊಳ್ಳಿ. ಕಟ್ಟಿದ ಮೂಗಿಗೆಂದು ಎದೆಗೆ ಕರ್ಪೂರದ ಮುಲಾಮು ಹಚ್ಚಿಕೊಂಡಿದ್ದರೆ ಪೂರ್ತಿ ತೊಳೆದು ತೆಗೆಯಿರಿ. ಕರ್ಪೂರ ಹಸುಗೂಸಿನ ಮೂಗಿನ ಹತ್ತಿರ ಬರಬಾರದು, ಬಾಯಿಗಂತೂ ಹೋಗಲೇಬಾರದು.

ಕೆಮ್ಮು ಬಂದರೆ ಮೊಣಕೈಯಲ್ಲಿ ಕೆಮ್ಮಿ ಎಂದು ಎಲ್ಲ ಕಡೆ ಬರೆದಿರುತ್ತಾರೆ. ಹಾಲು ಕುಡಿಸುವ ತಾಯಿಯ ಮೊಣಕೈಯಲ್ಲಿ ಏನಿರುತ್ತದೆ? ಮಗುವಿನ ತಲೆ. ಎಡ ಎದೆಗೆ ಹಾಕಿಕೊಂಡಾಗ ಎಡ ಮೊಣಕೈ ಮಗುವಿನ ದಿಂಬು. ಹಾಗಾಗಿ ಕೆಮ್ಮು ಒತ್ತರಿಸಿ ಬಂದ ತಕ್ಷಣ ಮುಖವನ್ನು ಬಲ ಭುಜದ ಕಡೆಗೆ ಪೂರ್ತಿ ತಿರುಗಿಸಿ, ಮಾಸ್ಕಿನೊಳಗೇ ಕೆಮ್ಮಬೇಕು. ಕೆಮ್ಮೋಣವೆಂದು ಮಾಸ್ಕ್ ಕೆಳಗೆ ಇಳಿಸುವವರೇ ಜಾಸ್ತಿ. ಅದು ಮಳೆ ಬಂದಾಗ ಕೊಡೆ ಮಡಚಿದಂತೆ. ಕೆಮ್ಮು ಜೋರಿದ್ದ ದಿನಗಳಲ್ಲಿ ಕಂಕುಳ ಕೆಳಗಿನ ಹಿಡಿತ ಅನುಕೂಲ: ಮಗುವಿನ ಮೈ ತಾಯಿಯ ಪಕ್ಕೆಯ ಉದ್ದಕ್ಕೆ, ಕಾಲು ಬೆನ್ನಿನ ಕಡೆಗೆ, ತಲೆ ಅಂಗೈಯಲ್ಲಿ, ಕೆಳಗೊಂದು ದಿಂಬು. ಆಗ ಮಗುವಿನ ಮುಖ ತಾಯಿಯ ಗಲ್ಲದ ನೇರಕ್ಕೆ ಬರದೆ ಪಕ್ಕಕ್ಕೆ ಉಳಿಯುತ್ತದೆ. ಕುಡಿಸಿ ಮುಗಿದ ಮೇಲೆ ತೇಗು ಬರಿಸುವ ಕೆಲಸ ಜ್ವರವಿಲ್ಲದ ಇನ್ನೊಬ್ಬರದು. ಭುಜದ ಮೇಲೆ ಹಾಕಿಕೊಂಡಾಗ ಮಗುವಿನ ಮೂಗು ತಾಯಿಯ ಬಾಯಿಯ ಪಕ್ಕಕ್ಕೇ ಬಂದುಬಿಡುತ್ತದೆ. ಮಾಸ್ಕ್ ಒದ್ದೆಯಾದರೆ ಬದಲಿಸಿ. ಮಗುವಿಗೆ ಮಾತ್ರ ಎಂದೂ ಮಾಸ್ಕ್ ಹಾಕಬೇಡಿ, ಉಸಿರು ಕಟ್ಟುತ್ತದೆ. ಎರಡು ವರ್ಷದೊಳಗಿನ ಯಾವ ಮಗುವಿಗೂ ಬೇಡ.

ಬಾಣಂತಿ ಕೋಣೆ ಇನ್ನೊಂದು ಸಮಸ್ಯೆ. ಕಿಟಕಿ ಮುಚ್ಚಿ, ಬಾಗಿಲಿಗೆ ಪರದೆ ಎಳೆದು, ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು. ಗಾಳಿ ಸೋಕಬಾರದು ಎಂಬ ಕಾಳಜಿಯೇನೋ ಸರಿ, ಆದರೆ ಗಾಳಿಯಾಡದ ಕೋಣೆಯಲ್ಲಿ ತಾಯಿಯ ಉಸಿರಿನ ವೈರಸ್ ಗಟ್ಟಿಯಾಗುತ್ತಲೇ ಹೋಗುತ್ತದೆ. ಅಜ್ಜಿಯ ಜೊತೆ ಜಗಳವಾಡದೆ ನಾವು ಮಾಡುವ ಒಪ್ಪಂದ ಹೀಗಿದೆ: ಸ್ಕಾರ್ಫು, ಹತ್ತಿ ಇರಲಿ, ಕಂಬಳಿ ಹೊದೆಯಲಿ, ಆದರೆ ಮಂಚಕ್ಕೆ ನೇರ ಬೀಸದ ಕಿಟಕಿ ಒಂದು, ಅದರ ಎದುರಿನ ಬಾಗಿಲು ಒಂದು ಓರೆಯಾಗಿಯಾದರೂ ತೆರೆದಿರಲಿ. ತೊಟ್ಟಿಲು ತಾಯಿಯ ತಲೆದಿಂಬಿನಿಂದ ಆರು ಅಡಿ ದೂರ, ಅಷ್ಟು ಜಾಗವಿಲ್ಲದ ಮನೆಯಲ್ಲಿ ಕನಿಷ್ಠ ಮೂರು ಅಡಿ, ಮಗುವಿನ ತಲೆ ತಾಯಿಯ ಕಾಲಿನ ಕಡೆಗೆ. ಕುಡಿಸುವಾಗ ಹತ್ತಿರ, ಮಲಗುವಾಗ ದೂರ. ಮತ್ತೆ ಸಾಂಬ್ರಾಣಿ. ಮಗುವಿಗೆ ಸ್ನಾನ ಮಾಡಿಸಿ ಕೆಂಡದ ಹೊಗೆ ಹಿಡಿಯುವುದು ನಮ್ಮ ಕಡೆ ಇನ್ನೂ ಇದೆ. ಸಾಮಾನ್ಯ ದಿನಗಳಲ್ಲೇ ಆ ಹೊಗೆ ಪುಟ್ಟ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮನೆಯಲ್ಲಿ ಫ್ಲೂ ಇರುವಾಗಂತೂ ಖಂಡಿತ ಬೇಡ. ಇದರಲ್ಲಿ ಒಪ್ಪಂದವಿಲ್ಲ.

ರಾತ್ರಿಗೆ ಔಷಧಿ ಪ್ರಶ್ನೆ. ಪ್ಯಾರಾಸಿಟಮಾಲ್ 500 ಅಥವಾ 650 ಮಿಲಿಗ್ರಾಂ, ಆರು ಗಂಟೆಗೊಮ್ಮೆ, ಹಾಲುಣಿಸುವ ತಾಯಿಗೆ ಧಾರಾಳವಾಗಿ ಆಗುತ್ತದೆ. ಹಾಲಿಗೆ ಹೋಗುವುದು ಅತ್ಯಲ್ಪ. ಐಬುಪ್ರೊಫೇನ್ ಕೂಡ ಆಗುತ್ತದೆ, ಊಟದ ಮೇಲೆ. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಬಿಪಿ ಇದ್ದವರು ವೈದ್ಯರನ್ನು ಕೇಳಿ. ಆಸ್ಪಿರಿನ್ ಬೇಡ. ಎಡವುವುದು ಮೆಡಿಕಲ್ ಶಾಪಿನಿಂದ ತರುವ 'ಶೀತದ ಮಾತ್ರೆ'ಯಲ್ಲಿ. ಅದರಲ್ಲಿ ಆಗಲೇ 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇರುತ್ತದೆ, ಮೇಲೆ ಜ್ವರದ ಮಾತ್ರೆ ಬೇರೆ ನುಂಗುತ್ತಾರೆ, ದಿನದ ಮಿತಿಯಾದ 4 ಗ್ರಾಂ ದಾಟಲು ಹೆಚ್ಚು ಹೊತ್ತು ಬೇಕಿಲ್ಲ. ಪಟ್ಟಿಯ ಹಿಂಬದಿ ಓದಿ. ಸೂಡೊಎಫೆಡ್ರಿನ್ ಎಂದಿದ್ದರೆ ವಾಪಸು ಕೊಡಿ: ಮೂಗು ಕಟ್ಟಿದ್ದನ್ನು ಬಿಡಿಸುವ ಆ ಔಷಧಿ ಎದೆಹಾಲನ್ನೂ ಒಣಗಿಸುತ್ತದೆ. ಒಂದೇ ಒಂದು 60 ಮಿಲಿಗ್ರಾಂ ಡೋಸಿಗೆ ಆ ದಿನದ ಹಾಲು ಸರಾಸರಿ 24 ಶೇಕಡಾ ಕಡಿಮೆಯಾಗಿದ್ದನ್ನು ಅಳೆದು ನೋಡಿದ್ದಾರೆ. ಮೂಗಿಗೆ ಉಪ್ಪುನೀರಿನ ಹನಿ, ಬಿಸಿನೀರಿನ ಹಬೆ ಸಾಕು. ತಡೆಯದಿದ್ದರೆ ಕ್ಸೈಲೊಮೆಟಾಜೊಲಿನ್ ಮೂಗಿನ ಹನಿ, ಅದೂ ಮೂರು ದಿನ ದಾಟದಂತೆ.

ಕೆಮ್ಮಿನ ಸಿರಪ್ಪಿನಲ್ಲಿ ಕೊಡೀನ್ ಇದ್ದರೆ ಮುಟ್ಟಲೇಬೇಡಿ. ಕೆಲವರ ಲಿವರ್ ಕೊಡೀನನ್ನು ಅತಿ ವೇಗವಾಗಿ ಮಾರ್ಫಿನ್ ಆಗಿ ಬದಲಿಸುತ್ತದೆ, ಅದು ಹಾಲಿನಲ್ಲಿ ಹೋಗಿ ಮಗುವಿನ ಉಸಿರನ್ನೇ ನಿಧಾನಿಸುತ್ತದೆ. ಯಾರ ಲಿವರ್ ಹಾಗಿದೆ ಎಂದು ಮೊದಲೇ ತಿಳಿಯುವ ದಾರಿ ಮನೆಯಲ್ಲಿಲ್ಲ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ 2017ರಲ್ಲಿ ಕೊಡೀನ್, ನೋವಿನ ಮಾತ್ರೆಯಾದ ಟ್ರಮಡಾಲ್ ಎರಡನ್ನೂ ಹಾಲುಣಿಸುವವರಿಗೆ ಬೇಡವೆಂದದ್ದು ಇದೇ ಕಾರಣಕ್ಕೆ. ಕ್ಲೋರ್‌ಫೆನಿರಮಿನ್‌ನಂಥ ನಿದ್ದೆ ಬರಿಸುವ ಔಷಧಿಯಲ್ಲಿ ಇನ್ನೊಂದು ಅಪಾಯ ಅಡಗಿದೆ: ತಾಯಿ ಮಲಗಿಕೊಂಡೇ ಕುಡಿಸುತ್ತಾ ಮತ್ತಿನಲ್ಲಿ ನಿದ್ದೆ ಹೋದರೆ ಮಗುವಿನ ಮುಖ ದಿಂಬಿಗೋ ಮೈಗೋ ಒತ್ತಿಕೊಳ್ಳುತ್ತದೆ. ಅಂಥದ್ದನ್ನು ತೆಗೆದುಕೊಂಡ ರಾತ್ರಿ ಕುಡಿಸಿದ ಮೇಲೆ ಮಗುವನ್ನು ಎತ್ತಿ ತೊಟ್ಟಿಲಿಗೆ ಹಾಕುವ ಒಬ್ಬರು ಎಚ್ಚರವಿರಲೇಬೇಕು. ಶುಂಠಿ, ಮೆಣಸು, ತುಳಸಿಯ ಕಷಾಯ ತಾಯಿಗೆ ಆಗಬಹುದು. ಅದರಲ್ಲಿ ಜೇನು ಹಾಕಿ ತಾಯಿ ಕುಡಿಯಲಿ, ಆದರೆ ಆ ಜೇನನ್ನು ಬೆರಳಲ್ಲಿ ಮಗುವಿಗೆ ನೆಕ್ಕಿಸಬೇಡಿ. ಒಂದು ವರ್ಷ ತುಂಬದ ಮಗುವಿಗೆ ಜೇನಿನಿಂದ ಬಾಟ್ಯುಲಿಸಂ ಎಂಬ, ಸ್ನಾಯುಗಳ ಶಕ್ತಿ ಕುಂದಿಸುವ ವಿಷಬಾಧೆ ಬರುವ ಸಾಧ್ಯತೆ ಇದೆ.

ಎರಡನೇ ದಿನ ಬೆಳಗ್ಗೆ ವೈದ್ಯರ ಬಳಿ ಹೋಗಲೇಬೇಕು ಎಂದು ಒತ್ತಾಯಿಸುತ್ತೇವೆ. ಹೆರಿಗೆಯ ನಂತರದ ಮೊದಲ ಎರಡು ವಾರ ಗರ್ಭಿಣಿಯರಷ್ಟೇ ಫ್ಲೂ ಅಪಾಯದ ಕಾಲ. ಇಪ್ಪತ್ತನೇ ದಿನ ಅದರಿಂದ ತೀರಾ ದೂರವೇನೂ ಅಲ್ಲ. ಫ್ಲೂ ಎಂದು ಅನುಮಾನ ಬಂದರೆ ಒಸೆಲ್ಟಮಿವಿರ್ 75 ಮಿಲಿಗ್ರಾಂ ದಿನಕ್ಕೆ ಎರಡು ಸಲ, ಐದು ದಿನ ಬರೆಯುತ್ತಾರೆ. ಜ್ವರ ಬಂದ 48 ಗಂಟೆಯೊಳಗೆ ಶುರುವಾದರೆ ಹೆಚ್ಚು ಉಪಯೋಗ, ಹಾಗಾಗಿ ರಿಪೋರ್ಟ್ ಬರಲಿ ಎಂದು ಕಾಯುವುದು ನಷ್ಟ. ಈ ಔಷಧಿ ನಡೆಯುವಾಗ ಹಾಲು ನಿಲ್ಲಿಸಬೇಕಿಲ್ಲ. ಮಾತ್ರೆ ಬರೆದವರೇ 'ಐದು ದಿನ ಕುಡಿಸಬೇಡಿ' ಎಂದು ಅಭ್ಯಾಸಬಲದಿಂದ ಹೇಳಿಬಿಡುವುದುಂಟು. ಆಗ ಮನೆಗೆ ಬರುವ ಮುಂಚೆ, ಅಲ್ಲೇ, ಮಕ್ಕಳ ವೈದ್ಯರನ್ನು ಒಂದು ಮಾತು ಕೇಳಿ. ತಾಯಿಗೆ ಕೂತಲ್ಲೇ ಏದುಸಿರು, ಎದೆನೋವು, ಆಕ್ಸಿಮೀಟರಿನಲ್ಲಿ 94ಕ್ಕಿಂತ ಕಡಿಮೆ, ಮಂಪರು, ಅಥವಾ ಬಿಟ್ಟ ಜ್ವರ ಎರಡು ದಿನದ ನಂತರ ಜೋರಾಗಿ ಮರಳಿದರೆ ಕಾಯದೆ 108ಕ್ಕೆ ಫೋನ್ ಮಾಡಿ.

ಇಪ್ಪತ್ತೊಂದನೇ ದಿನ ಆಶಾ ಕಾರ್ಯಕರ್ತೆ ಹೇಗೂ ಮನೆಗೆ ಬರುತ್ತಾರೆ. 3, 7, 14, 21, 28, 42ನೇ ದಿನ ಅವರ ಭೇಟಿ. ಜ್ವರ ಇದೆ ಎಂದು ಬಾಗಿಲಲ್ಲೇ ಕಳಿಸಬೇಡಿ. ಮಗುವಿನ ತೂಕ, ಮೈಬಿಸಿ, ಉಸಿರು ಮೂರನ್ನೂ ಅವರಿಂದ ನೋಡಿಸಿ ಬರೆದಿಡಿ. ಮುಂದಿನ ವಾರ ಹೋಲಿಸಲು ಆ ಅಂಕಿಗಳೇ ಆಧಾರ.

ಎರಡನೇ ದಿನ, ಮೂರನೇ ದಿನ ಹಾಲು ಕಡಿಮೆಯಾಗುತ್ತದೆ. ಇದನ್ನು ಮೊದಲೇ ಹೇಳಿಟ್ಟಿರುತ್ತೇವೆ, ಇಲ್ಲದಿದ್ದರೆ ಗಾಬರಿಯಲ್ಲಿ ಡಬ್ಬಿ ಒಡೆಯುತ್ತಾರೆ. ಕಾರಣ ಬಹಳ ಮಟ್ಟಿಗೆ ನೀರು. ಬಾಣಂತಿ ನೀರು ಜಾಸ್ತಿ ಕುಡಿದರೆ ಹೊಟ್ಟೆ ಬರುತ್ತದೆ ಎಂದು ಲೋಟ ಲೆಕ್ಕ ಹಾಕಿ ಕೊಡುವ ಮನೆಗಳಿವೆ. ಜ್ವರದಲ್ಲಿ ಬೆವರಿನಲ್ಲಿ ಹೋದದ್ದು, ಹಾಲಿನಲ್ಲಿ ಹೋದದ್ದು ಎರಡನ್ನೂ ತುಂಬಬೇಕು. ಪ್ರತಿ ಸಲ ಕುಡಿಸಲು ಕೂತಾಗ ಕೈಗೆಟುಕುವಲ್ಲಿ ಒಂದು ದೊಡ್ಡ ಲೋಟ: ಬಿಸಿನೀರು, ಗಂಜಿ, ತಿಳಿಸಾರು, ರಾಗಿ ಅಂಬಲಿ, ಯಾವುದಾದರೂ ಸರಿ. ಮೂತ್ರ ಗಾಢ ಹಳದಿ ಇದ್ದರೆ ಸಾಲದು. 24 ಗಂಟೆಯಲ್ಲಿ 8ರಿಂದ 12 ಸಲ ಕುಡಿಸುವುದು ತಪ್ಪಬಾರದು, ರಾತ್ರಿಯದು ಸೇರಿ, ಏಕೆಂದರೆ ಹಾಲು ಮಾಡಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ರಾತ್ರಿಯೇ ಹೆಚ್ಚು. ಮಗುವಿಗೆ ಸಾಲುತ್ತಿದೆಯೇ ಎಂದು ಎದೆ ಒತ್ತಿ ನೋಡಿ ತಿಳಿಯುವುದಿಲ್ಲ, ಒದ್ದೆ ಬಟ್ಟೆ ಎಣಿಸಿ ತಿಳಿಯಬೇಕು. ದಿನಕ್ಕೆ ಆರು ಅಥವಾ ಹೆಚ್ಚು ಚೆನ್ನಾಗಿ ಒದ್ದೆಯಾದ ಬಟ್ಟೆ ಇದ್ದರೆ ಸಾಲುತ್ತಿದೆ. ಜ್ವರ ಬಿಟ್ಟ ಎರಡು ಮೂರು ದಿನದಲ್ಲಿ, ಕುಡಿಸುವುದು ನಿಂತಿರದಿದ್ದರೆ, ಹಾಲು ಮೊದಲಿನಂತೆ ಬರುತ್ತದೆ.

ಕೆಲವರಿಗೆ ಮಗುವನ್ನು ಎತ್ತಿಕೊಳ್ಳುವಷ್ಟೂ ಶಕ್ತಿ ಇರುವುದಿಲ್ಲ. ಆಗ ಹಾಲು ಹಿಂಡಿ ಕೊಡಬೇಕು, ಎರಡು ಮೂರು ಗಂಟೆಗೊಮ್ಮೆ. ಇದನ್ನು ಕೈಯಲ್ಲಿ ಮಾಡುವುದು ಒಂದು ಹದ. ಅಗಲ ಬಾಯಿಯ ಸ್ಟೀಲ್ ಬಟ್ಟಲನ್ನು ತೊಳೆದು ಹತ್ತು ನಿಮಿಷ ಕುದಿಸಿ ಆರಿಸಿ. ಮಾಸ್ಕ್, ಕೈ ತೊಳೆಯುವುದು ಅದೇ ಕ್ರಮ. ಬಿಸಿನೀರಿನ ಬಟ್ಟೆ ಎದೆಗೆ ಎರಡು ನಿಮಿಷ. ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ, ತೊಟ್ಟಿನಿಂದ ಎರಡು ಬೆರಳಗಲ ಹಿಂದೆ. ಮೊದಲು ಎದೆಗೂಡಿನ ಕಡೆಗೆ ಒಳಕ್ಕೆ ಒತ್ತಿ, ಆಮೇಲೆ ಬೆರಳೆರಡನ್ನೂ ಪರಸ್ಪರ ಒತ್ತಿ, ಬಿಡಿ. ಒತ್ತಿ, ಬಿಡಿ. ಚರ್ಮದ ಮೇಲೆ ಬೆರಳು ಜಾರಬಾರದು. ಜಾರಿದರೆ ಚರ್ಮ ಉರಿಯುತ್ತದೆ, ಹಾಲು ಬರುವುದಿಲ್ಲ. ತೊಟ್ಟನ್ನೇ ಹಿಡಿದು ಎಳೆಯುವುದು ಹಸು ಕರೆದು ಅಭ್ಯಾಸವಿದ್ದವರು ಮಾಡುವ ತಪ್ಪು. ಮೊದಲ ಒಂದೆರಡು ನಿಮಿಷ ಹನಿಯೂ ಬರುವುದಿಲ್ಲ, ಆಮೇಲೆ ಹನಿ, ಆಮೇಲೆ ಎಳೆ ಎಳೆಯಾಗಿ ಚಿಮ್ಮುತ್ತದೆ. ಒಂದು ಎದೆಗೆ ಮೂರರಿಂದ ಐದು ನಿಮಿಷ, ಎಳೆ ನಿಂತ ಕೂಡಲೇ ಇನ್ನೊಂದು, ಮತ್ತೆ ಮೊದಲಿನದು, ಬೆರಳ ಜಾಗ ಸುತ್ತಲೂ ಬದಲಿಸುತ್ತಾ, ಒಟ್ಟು 20ರಿಂದ 30 ನಿಮಿಷ. ಪಂಪ್ ಇದ್ದರೆ ಪಂಪು, ಆದರೆ ಹಾಲು ಮುಟ್ಟುವ ಪ್ರತಿ ಭಾಗವನ್ನೂ ಪ್ರತಿ ಸಲ ಬಿಚ್ಚಿ ತೊಳೆಯಬೇಕು.

ಎಷ್ಟು ಬೇಕು? ವಾರ ದಾಟಿದ ಮಗುವಿಗೆ ದಿನಕ್ಕೆ ಪ್ರತಿ ಕೆಜಿಗೆ ಸುಮಾರು 150 ಮಿಲಿ. ಮೂರೂವರೆ ಕೆಜಿಗೆ 525 ಮಿಲಿ, ಹತ್ತು ಸಲ ಕೊಟ್ಟರೆ ಸಲಕ್ಕೆ 50 ಮಿಲಿ ಆಚೆ ಈಚೆ. ಹಿಂಡಿದ ಹಾಲು ಕೋಣೆಯಲ್ಲಿ ನಾಲ್ಕು ಗಂಟೆ ಇರಬಹುದು, ಬೇಸಿಗೆಯ ಕಲಬುರಗಿ, ರಾಯಚೂರಿನಲ್ಲಿ ಅಷ್ಟೂ ಬೇಡ. ಫ್ರಿಜ್ಜಿನ ಒಳಗಡೆ, ಬಾಗಿಲಲ್ಲಲ್ಲ, ನಾಲ್ಕು ದಿನದವರೆಗೆ ಎನ್ನುತ್ತಾರೆ. ಕರೆಂಟು ಹೋಗಿ ಬರುವ ಊರಿನಲ್ಲಿ ನಾವು 24 ಗಂಟೆಗೆ ನಿಲ್ಲಿಸುತ್ತೇವೆ. ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲಿಟ್ಟು ಬೆಚ್ಚಗೆ ಮಾಡಿ. ಕುದಿಸಬೇಡಿ, ಮೈಕ್ರೋವೇವ್ ಬೇಡ. ಫ್ಲೂ ಬಂದ ತಾಯಿಯ ಹಾಲೆಂದು ಬೇರೆ ಶುದ್ಧೀಕರಣವೇನೂ ಬೇಕಿಲ್ಲ.

ಕುಡಿಸಲು ಬಾಟಲಿ ಬೇಡ, ಅಜ್ಜಿಯ ಪೆಟ್ಟಿಗೆಯಲ್ಲಿರುವ ಒಳಲೆ ತೆಗೆಯಿರಿ. ಬಾಟಲಿಯ ನಿಪ್ಪಲ್ ಸುಲಭಕ್ಕೆ ಒಗ್ಗಿದ ಮಗು ವಾರದ ಮೇಲೆ ಎದೆಗೆ ಬಂದಾಗ ಮುಖ ತಿರುಗಿಸುತ್ತದೆ. ಮಗುವನ್ನು ಅರೆಕೂತಂತೆ ಎತ್ತಿ ಹಿಡಿದು, ಒಳಲೆಯ ಮೂತಿಯನ್ನು ಕೆಳತುಟಿಯ ಒಂದು ಮೂಲೆಗೆ ತಾಗಿಸಿ, ಹಾಲು ತುಟಿ ಮುಟ್ಟುವಷ್ಟು ಮಾತ್ರ ಬಾಗಿಸಿ ಕಾಯಬೇಕು. ಮಗುವೇ ನಾಲಿಗೆ ಚಾಚಿ ಒಳಗೆಳೆದುಕೊಳ್ಳಲಿ. ಸುರಿದರೆ ನೆತ್ತಿಗೇರುತ್ತದೆ. ಮಲಗಿಸಿ, ಕೆನ್ನೆ ಒತ್ತಿ, ಗಂಟಲಿಗೆ ಬಿಡುವುದು ಹಳೆಯ ರೂಢಿ, ಆದರೆ ಹಾಲು ಶ್ವಾಸಕೋಶಕ್ಕೆ ಹೋಗುವುದು ಹಾಗೆಯೇ. ಒಳಲೆಯ ಮೂತಿಯೊಳಗೆ ಹಾಲಿನ ಜಿಡ್ಡು ನಿಲ್ಲುತ್ತದೆ, ಬೆರಳು ಹೋಗುವುದಿಲ್ಲ, ಸಣ್ಣ ಬ್ರಷ್ ಬೇಕು.

ಕೋವಿಡ್ ಕಾಲದಲ್ಲಿ ಈ ಎಲ್ಲವೂ ಒಮ್ಮೆ ತಲೆಕೆಳಗಾಗಿತ್ತು. 2020ರ ಆರಂಭದಲ್ಲಿ ಚೀನಾದಲ್ಲಿ ಸೋಂಕಿತ ತಾಯಿಯನ್ನು ಮಗುವಿನಿಂದ 14 ದಿನ ಬೇರೆ ಇಟ್ಟರು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ ಏಪ್ರಿಲಿನಲ್ಲಿ ತಾತ್ಕಾಲಿಕವಾಗಿ ಬೇರ್ಪಡಿಸಿ ಎಂದಿತು. ಜೂನ್ 23ರಂದು ವಿಶ್ವ ಆರೋಗ್ಯ ಸಂಸ್ಥೆ, ತಾಯಿ ಮಗು ಜೊತೆಯಲ್ಲೇ ಇರಲಿ, ಹಾಲು ಕುಡಿಸಲಿ ಎಂಬುದಕ್ಕೆ ಆಧಾರಗಳನ್ನು ಬಿಡಿಸಿ ಬರೆಯಿತು. ಜುಲೈನಲ್ಲಿ ಅಮೆರಿಕದ ಅಕಾಡೆಮಿ ತನ್ನ ಮಾತನ್ನು ತಿದ್ದಿಕೊಂಡಿತು. ಕೆಲವು ತಾಯಂದಿರ ಹಾಲಿನಲ್ಲಿ ವೈರಸ್ಸಿನ ಆರ್‌ಎನ್‌ಎ ತುಣುಕು ಸಿಕ್ಕಿತ್ತು ನಿಜ; ತುಣುಕು ಸಿಗುವುದಕ್ಕೂ ಸೋಂಕು ತರಬಲ್ಲ ಜೀವಂತ ವೈರಸ್ ಇರುವುದಕ್ಕೂ ವ್ಯತ್ಯಾಸ ಬಹಳ. ನಮ್ಮಲ್ಲಿ ಹಾಲುಣಿಸುವ ತಾಯಂದಿರಿಗೆ ಕೋವಿಡ್ ಲಸಿಕೆ ಕೊಡಬಹುದು ಎಂದು ಕೇಂದ್ರ ಆರೋಗ್ಯ ಇಲಾಖೆ ಹೇಳಿದ್ದು 2021ರ ಮೇ 19ರಂದು. ಫ್ಲೂ ಲಸಿಕೆಯನ್ನೂ ಹಾಲುಣಿಸುತ್ತಲೇ ಹಾಕಿಸಿಕೊಳ್ಳಬಹುದು. ಮಗುವಿಗೆ ಆರು ತಿಂಗಳಾಗುವ ತನಕ ಆ ಲಸಿಕೆ ಇಲ್ಲ, ಹಾಗಾಗಿ ಮನೆಯ ದೊಡ್ಡವರೆಲ್ಲ ಹಾಕಿಸಿಕೊಳ್ಳುವುದೇ ಮಗುವಿಗೆ ಬೇಲಿ.

ಇಷ್ಟೆಲ್ಲ ಮಾಡಿದರೂ ನಾಲ್ಕನೇ ದಿನ ಮಗು ಸೀನಬಹುದು. ಹಸುಗೂಸು ಉಸಿರಾಡುವುದು ಮೂಗಿನಿಂದಲೇ. ಮೂಗು ಕಟ್ಟಿದರೆ ಎರಡು ಗುಟುಕು ಎಳೆದು, ಬಿಟ್ಟು, ಅಳುತ್ತದೆ. ಹಾಲು ಬರುತ್ತಿಲ್ಲವೆಂದು ತಾಯಿ ತಿಳಿಯುತ್ತಾಳೆ. ಕುಡಿಸುವ ಹತ್ತು ನಿಮಿಷ ಮೊದಲು ಅಂಗಡಿಯಲ್ಲಿ ಸಿಗುವ ಉಪ್ಪುನೀರಿನ ಹನಿ ಮೂಗಿನ ಹೊಳ್ಳೆಗೆ ಒಂದೊಂದು, ಸಡಿಲವಾದದ್ದನ್ನು ಮೆತ್ತನೆ ಬಟ್ಟೆಯ ಬತ್ತಿಯಿಂದ ಒರೆಸಿ, ಮಗುವನ್ನು ಸ್ವಲ್ಪ ನೆಟ್ಟಗೆ ಹಿಡಿದು ಕುಡಿಸಿ. ಮೂಗಿಗೆ ಎಣ್ಣೆ ಬಿಡುವುದು, ಊದುವುದು ಬೇಡವೇ ಬೇಡ. ಎಣ್ಣೆ ಶ್ವಾಸಕೋಶಕ್ಕೆ ಇಳಿದು ವಾರಗಟ್ಟಲೆ ವಾಸಿಯಾಗದ ನ್ಯುಮೋನಿಯಾ ಆಗಿದ್ದಿದೆ.

ಉಸಿರು ಎಣಿಸಲು ಕಲಿಯಿರಿ. ಮಗು ಸಮಾಧಾನವಾಗಿರುವಾಗ ಅಂಗಿ ಮೇಲೆತ್ತಿ, ಹೊಟ್ಟೆ ಏರಿಳಿಯುವುದನ್ನು ಮೊಬೈಲಿನ ಗಡಿಯಾರ ಇಟ್ಟುಕೊಂಡು ಪೂರ್ತಿ ಒಂದು ನಿಮಿಷ ಎಣಿಸಿ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಹಸುಗೂಸಿಗೆ ತಪ್ಪು ಲೆಕ್ಕ ಬರುತ್ತದೆ. ಅವು ಸರಸರ ಉಸಿರಾಡಿ ಐದು ಸೆಕೆಂಡು ಸುಮ್ಮನಿರುತ್ತವೆ. ಎರಡು ತಿಂಗಳೊಳಗೆ ನಿಮಿಷಕ್ಕೆ 60 ಅಥವಾ ಹೆಚ್ಚಿದ್ದರೆ ಇನ್ನೊಮ್ಮೆ ಎಣಿಸಿ, ಮತ್ತೂ ಅಷ್ಟೇ ಇದ್ದರೆ ಆಸ್ಪತ್ರೆಗೆ. ಎರಡು ತಿಂಗಳಿಂದ ಒಂದು ವರ್ಷದವರೆಗೆ ಆ ಗೆರೆ 50. ಉಸಿರೆಳೆದಾಗ ಪಕ್ಕೆಯ ಕೆಳಭಾಗ ಗುಳಿ ಬಿದ್ದರೆ, ನರಳಿದರೆ, ತುಟಿ ನೀಲಿಯಾದರೆ, ಕುಡಿಯುವುದನ್ನೇ ಬಿಟ್ಟರೆ, ಕಂಕುಳಲ್ಲಿ 99.5 ದಾಟಿದರೆ ಅಥವಾ 96ಕ್ಕಿಂತ ಇಳಿದು ತಣ್ಣಗಾದರೆ ರಾತ್ರಿ ಹನ್ನೆರಡಾದರೂ ಹೊರಡಿ. ಈ ವಯಸ್ಸಿನಲ್ಲಿ ಜ್ವರದ ಸಿರಪ್ ಹಾಕಿ ಬೆಳಗಿನ ತನಕ ನೋಡೋಣ ಎನ್ನುವಂತಿಲ್ಲ. ದಾರಿಯಲ್ಲೂ ಕುಡಿಸುತ್ತಾ ಹೋಗಿ, ಮಗು ಕುಡಿಯುವುದಾದರೆ.

ಯಾರೂ ಹೇಳದ ಇನ್ನೊಂದು ಸಂಗತಿ: ಜ್ವರದ ಮೂರನೇ ನಾಲ್ಕನೇ ದಿನ ತಾಯಿಯ ತುಟಿಯಂಚಿನಲ್ಲಿ ಏಳುವ ಜ್ವರದ ಗುಳ್ಳೆ. ದೊಡ್ಡವರಿಗೆ ಅದು ಲೆಕ್ಕಕ್ಕಿಲ್ಲ. ಒಂದು ತಿಂಗಳೊಳಗಿನ ಮಗುವಿಗೆ ಆ ಹರ್ಪಿಸ್ ವೈರಸ್ ಮಿದುಳಿಗೆ ಹೋಗುವಷ್ಟು ಅಪಾಯಕಾರಿ. ಗುಳ್ಳೆ ಒಣಗಿ ಹಕ್ಕಳೆ ಬೀಳುವ ತನಕ ಮುತ್ತು ಬೇಡ, ಮಾಸ್ಕ್ ತೆಗೆಯುವುದು ಬೇಡ. ಅಂಥ ಗುಳ್ಳೆ ಎದೆಯ ಮೇಲೇ ಎದ್ದಿದ್ದರೆ ಆ ಎದೆಯ ಹಾಲು ಕುಡಿಸಬೇಡಿ, ಹಿಂಡಿ ಚೆಲ್ಲಿ, ಇನ್ನೊಂದರಿಂದ ಕುಡಿಸಿ.

ಫ್ಲೂ, ಕೋವಿಡ್, ನೆಗಡಿಗೆ ಹೇಳಿದ್ದು ಎಲ್ಲಕ್ಕೂ ಒಪ್ಪುವುದಿಲ್ಲ. ನಾಯಿಕೆಮ್ಮು ಎಂದು ಗೊತ್ತಾದರೆ ಹಾಲು ಮುಂದುವರಿಯುತ್ತದೆ, ಆದರೆ ತಾಯಿಗಷ್ಟೇ ಅಲ್ಲ, ಕೆಮ್ಮು ಇಲ್ಲದಿದ್ದರೂ ಮಗುವಿಗೂ ಅಜಿಥ್ರೊಮೈಸಿನ್ ಐದು ದಿನ ಬೇಕು. ಹಸುಗೂಸು ನಾಯಿಕೆಮ್ಮಿನಲ್ಲಿ ಕೆಮ್ಮದೆಯೇ ಉಸಿರು ನಿಲ್ಲಿಸಬಹುದು. ದಡಾರದಲ್ಲಿ ದದ್ದು ಕಂಡ ನಾಲ್ಕು ದಿನ ತಾಯಿ ಬೇರೆ ಕೋಣೆಯಲ್ಲಿ, ಹಿಂಡಿದ ಹಾಲು ಮಾತ್ರ ಮಗುವಿಗೆ. ಹೆರಿಗೆಗೆ ಐದು ದಿನ ಮುಂಚಿನಿಂದ ಎರಡು ದಿನ ನಂತರದವರೆಗೆ ತಾಯಿಗೆ ಸೀತಾಳೆ ಸಿಡುಬು ಎದ್ದರೆ ಮಗುವಿಗೆ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ) ಚುಚ್ಚುಮದ್ದು ಬೇಕು, ಗುಳ್ಳೆಗಳೆಲ್ಲ ಹಕ್ಕಳೆ ಕಟ್ಟುವ ತನಕ ಬೇರೆ ಇರಬೇಕು, ಎದೆಯ ಮೇಲೆ ಗುಳ್ಳೆ ಇಲ್ಲದಿದ್ದರೆ ಹಿಂಡಿದ ಹಾಲು ಕೊಡಬಹುದು.

ಫ್ಲೂಗೆ ಬಂದರೆ, ಮಾಸ್ಕ್ ಇಳಿಸುವುದು ಜ್ವರ ಶುರುವಾಗಿ ಏಳು ದಿನವಾದ ಮೇಲೆ, ಅಥವಾ ಪ್ಯಾರಾಸಿಟಮಾಲ್ ಇಲ್ಲದೆ ಜ್ವರ ಬಿಟ್ಟು 24 ಗಂಟೆಯಾದ ಮೇಲೆ, ಯಾವುದು ತಡವೋ ಅದು. ಒಣ ಕೆಮ್ಮು ಹತ್ತನೇ ದಿನಕ್ಕೂ ಉಳಿದಿರುತ್ತದೆ. ಅದಕ್ಕೆ ಹೆದರಬೇಕಿಲ್ಲ, ಆದರೆ ಎರಡು ವಾರ ದಾಟಿದರೆ ಕಫ ಪರೀಕ್ಷೆ ಮಾಡಿಸಲೇಬೇಕು. ನಮ್ಮ ದೇಶದಲ್ಲಿ ಎರಡು ವಾರದ ಕೆಮ್ಮು ಅಂದರೆ ಮೊದಲು ತಳ್ಳಿಹಾಕಬೇಕಾದದ್ದು ಕ್ಷಯ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಉಚಿತ, ಔಷಧಿಯೂ ಉಚಿತ.

ಕ್ಷಯ ಎಂದಾದರೂ ಎದೆಹಾಲು ನಿಲ್ಲುವುದಿಲ್ಲ. ಎದೆಯಲ್ಲೇ ಕ್ಷಯದ ಹುಣ್ಣಿಲ್ಲದಿದ್ದರೆ, ಅದು ತೀರಾ ಅಪರೂಪ, ಕ್ಷಯದ ಕ್ರಿಮಿ ಹಾಲಿನಲ್ಲಿ ಬರುವುದಿಲ್ಲ. ಸಾಮಾನ್ಯ ಕ್ಷಯದ ಮಾತ್ರೆಗಳು ಹಾಲುಣಿಸುವಾಗ ಆಗುತ್ತವೆ. ಅವುಗಳಲ್ಲೊಂದಾದ ರಿಫಾಂಪಿಸಿನ್‌ನಿಂದ ಮೂತ್ರ, ಬೆವರು, ಕಣ್ಣೀರು ಕಿತ್ತಳೆಯಾಗುತ್ತದೆ, ಹಾಲಿಗೂ ಬಣ್ಣ ಬರಬಹುದು, ಹೆದರಬೇಡಿ. ಅದೇ ರಿಫಾಂಪಿಸಿನ್ ಗರ್ಭನಿರೋಧಕ ಮಾತ್ರೆಯ ಶಕ್ತಿಯನ್ನು ಕೆಡಿಸುತ್ತದೆ, ಬೇರೆ ವಿಧಾನ ಕೇಳಿ. ಔಷಧಿ ನಾಟಿದರೆ ಸುಮಾರು ಎರಡು ವಾರದಲ್ಲಿ ತಾಯಿಯಿಂದ ಹರಡುವುದು ಬಹುಮಟ್ಟಿಗೆ ನಿಲ್ಲುತ್ತದೆ. ಅಲ್ಲಿಯವರೆಗೆ ಮಾಸ್ಕ್, ಗಾಳಿ, ದೂರ ಮಲಗುವುದು ಎಲ್ಲವೂ ಇನ್ನೂ ಬಿಗಿಯಾಗಿ. ಮಾತ್ರೆಗೆ ಬಗ್ಗದ ಕ್ಷಯವಾದರೆ ಲೆಕ್ಕವೇ ಬೇರೆ, ಅದನ್ನು ತಜ್ಞರೇ ತೀರ್ಮಾನಿಸಬೇಕು.

ತಾಯಿಯ ಮಾತ್ರೆಯ ಅಂಶ ಹಾಲಿನಲ್ಲಿ ಹೋಗಿ ಮಗುವನ್ನೂ ಕಾಯುತ್ತದೆ ಎಂಬ ನಂಬಿಕೆ ತಪ್ಪು, ಆ ಅಂಶ ತೀರಾ ಕಡಿಮೆ. ಮಗುವಿಗೆ ಕ್ಷಯ ಈಗಾಗಲೇ ಇಲ್ಲ ಎಂದು ಮಕ್ಕಳ ವೈದ್ಯರು ಮೊದಲು ಖಚಿತಪಡಿಸಿಕೊಳ್ಳಬೇಕು, ಏಕೆಂದರೆ ಇರುವ ರೋಗಕ್ಕೆ ಒಂದೇ ಔಷಧಿ ಕೊಟ್ಟರೆ ಕ್ರಿಮಿ ಅದಕ್ಕೆ ಪಳಗುತ್ತದೆ. ಆಮೇಲೆ ಮಗುವಿಗೆ ಕ್ಷಯ ಬಾರದಂತೆ ತಡೆಯುವ ಔಷಧಿ ಐಸೋನಿಯಾಜಿಡ್, ಪ್ರತಿ ಕೆಜಿಗೆ ದಿನಕ್ಕೆ 10 ಮಿಲಿಗ್ರಾಂ, ಆರು ತಿಂಗಳು. ಹುಟ್ಟಿದಾಗ ಕ್ಷಯದ ಲಸಿಕೆಯಾದ ಬಿಸಿಜಿ ಹಾಕಿದ್ದರೂ ಇದು ಬೇಕು. ಹಾಕಿಲ್ಲದಿದ್ದರೆ ಯಾವಾಗ ಹಾಕಿಸಬೇಕೆಂದು ವೈದ್ಯರನ್ನು ಕೇಳಿ. ಬಿಸಿಜಿಯೊಳಗಿನ ಜೀವಂತ ಕ್ರಿಮಿಯನ್ನೂ ಐಸೋನಿಯಾಜಿಡ್ ಕೊಲ್ಲುತ್ತದೆ. ಮೂರೂವರೆ ಕೆಜಿ ಮಗುವಿಗೆ 35 ಮಿಲಿಗ್ರಾಂ ಎಂದು ಚೀಟಿಯಲ್ಲಿ ಬರೆದದ್ದನ್ನು ಮನೆಯವರು ಆರು ತಿಂಗಳೂ ನಿಯತ್ತಾಗಿ ಕೊಡುತ್ತಾರೆ. ಅಷ್ಟರಲ್ಲಿ ಮಗು ಏಳು ಕೆಜಿಯಾಗಿರುತ್ತದೆ, ಬೇಕಾದದ್ದು 70, ಹೋಗುತ್ತಿರುವುದು ಅರ್ಧ. ಪ್ರತಿ ತಿಂಗಳು ತೂಕ ಹಾಕಿಸಿ, ಆ ಚೀಟಿಯನ್ನು ಹೊಸದಾಗಿ ಬರೆಸಿಕೊಳ್ಳಿ.